ಪಿಎಂ ಮೀಟರ್ ರಿವ್ಯೂ: ಹೊಗೆ ಹಿಡಿಯುತ್ತೆ, ದಪ್ಪ ಧೂಳು ಬಿಟ್ಬಿಡುತ್ತೆ

ಮುಂಬೈನ ಚೆಂಬೂರಲ್ಲಿ ಇದ್ಕೊಂಡು ಗಾಳಿ ಕೆಟ್ಟಿದೆ ಅಂತ ತಿಳ್ಕೊಳ್ಳೋಕೆ ಪಿಎಂ (ಗಾಳೀಲಿ ತೇಲೋ ಸಣ್ಣ ಕಣಗಳು) ಅಳೆಯೋ ಮೀಟರ್ ಬೇಕಾ ಅಂತ ಮನೆಯವ್ರು ನಕ್ರು, ಆದ್ರೂ ತರಿಸ್ದೆ. ಬರೀ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅನ್ನೋ ಒಂದೇ ನಂಬರ್) ತೋರ್ಸೋದು ಬೇಡ, ಕಣಗಳನ್ನ ಸೈಜ್ ಪ್ರಕಾರ ಎಣಿಸೋದೇ ಬೇಕು ಅಂತ ಹುಡುಕಿದ್ದು. ಇದ್ರಲ್ಲಿ 0.3 ಮೈಕ್ರಾನಿಂದ 10 ಮೈಕ್ರಾನ್ ತನಕ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಆರು ಸಾಲು ಬರುತ್ತೆ. ಪುಟ್ಟ ಫ್ಯಾನ್ ಗಾಳಿ ಎಳ್ಕೊಳ್ಳುತ್ತೆ, ಲೇಸರ್ ಬೆಳಕು ಕಣಕ್ಕೆ ತಾಗಿ ಚದುರುತ್ತೆ, ಎಷ್ಟು ಚದುರ್ತು ಅಂತ ನೋಡಿ ಸೈಜ್ ಅಂದಾಜು ಮಾಡುತ್ತೆ. ಅಂದಾಜು, ಅಷ್ಟೇ.

ಹೊಗೆ ವಿಷ್ಯದಲ್ಲಿ ಮಾತ್ರ ಸೂಪರ್. ರಾತ್ರಿ ಯಾರಾದ್ರೂ ಒಣಗಿದ ಎಲೆಗೆ ಬೆಂಕಿ ಹಾಕಿದ್ರೆ ಸಾಕು, ನಮ್ಮ ಮೂಗಿಗೆ ಬರೋ ಮುಂಚೆನೇ 0.3ರ ಸಾಲು ಮೇಲೇರುತ್ತೆ. (ಅಡುಗೆಮನೇಲಿ ಒಗ್ಗರಣೆ ಹಾಕಿದ್ರೂ ಅಷ್ಟೇ, ಬಾಲ್ಕನಿ ಬಾಗಿಲು ಮುಚ್ಚಿ!) ಆದ್ರೆ ಎದುರುಗಡೆ ರೀಡೆವಲಪ್‌ಮೆಂಟ್‌ಗೆ ಹಳೇ ಬಿಲ್ಡಿಂಗ್ ಕೆಡವ್ತಾ ಇದ್ದಾಗ ಬಟ್ಟೆ ಒಣಹಾಕೋ ಹಗ್ಗದ ಮೇಲೆಲ್ಲ ಧೂಳು, ಇದ್ರ ಪಿಎಂ 10 (10 ಮೈಕ್ರಾನ್ ತನಕದ ಕಣಗಳ ಒಟ್ಟು ತೂಕ) ಮಾತ್ರ ಅಲುಗಾಡ್ಲಿಲ್ಲ. ಈ ರೇಂಜಿನ ಸೆನ್ಸರ್‌ಗಳದ್ದೆಲ್ಲ ಇದೇ ಕಥೆ, ದಪ್ಪ ಕಣ ಆ ಸಣ್ಣ ಫ್ಯಾನಿಗೆ ಸರಿಯಾಗಿ ಒಳಗೆ ಬರಲ್ಲ, ಬಂದ್ರೂ ಎಣಿಕೆಗೆ ಸರಿಯಾಗಿ ಸಿಗಲ್ಲ. ಇಲ್ಲೇ ಲೆಕ್ಕ ತಪ್ಪೋದು, ಯಾಕಂದ್ರೆ 10 ಮೈಕ್ರಾನಿನ ಒಂದು ಕಣದ ತೂಕ 1 ಮೈಕ್ರಾನಿನ ಸಾವಿರ ಕಣಕ್ಕೆ ಸಮ, ಅಂಥವು ನಾಲ್ಕು ತಪ್ಪಿಸ್ಕೊಂಡ್ರೂ ಮೈಕ್ರೋಗ್ರಾಂ ಲೆಕ್ಕ ಎಲ್ಲೋ ಹೋಗುತ್ತೆ. ಆ ಕಡೆ 0.3ಕ್ಕಿಂತ ಸಣ್ಣದಂತೂ ಇದಕ್ಕೆ ಕಾಣೋದೇ ಇಲ್ಲ, ಡೀಸೆಲ್ ಗಾಡಿ ಬಿಡೋ ಕಣಗಳಲ್ಲಿ ಎಣಿಕೆಗೆ ಜಾಸ್ತಿ ಇರೋದೇ ಅವು.

ಇನ್ನೊಂದು ಮುಂಬೈ ತಲೆನೋವು ಅಂದ್ರೆ ತೇವ. ಕಣ ನೀರು ಹೀರ್ಕೊಂಡು ಊದ್ಕೊಳ್ಳುತ್ತೆ, ಲೇಸರ್ ಅದನ್ನೇ ದಪ್ಪ ಕಣ ಅಂದ್ಕೊಳ್ಳುತ್ತೆ. ಗಾಳಿ ಅಳೆಯೋ ಸರ್ಕಾರಿ ಸ್ಟೇಷನ್‌ಗಳಲ್ಲಿ ಬೀಟಾ ಕಿರಣ ಹಾಯಿಸಿ ಧೂಳಿನ ತೂಕ ಲೆಕ್ಕ ಹಾಕೋ ಮಷಿನ್‌ಗಳಲ್ಲಿ ಗಾಳಿನ ಬಿಸಿ ಮಾಡಿ ಒಳಗೆ ಬಿಡೋ ವ್ಯವಸ್ಥೆ ಇರುತ್ತೆ, ಇದ್ರಲ್ಲಿ ಅದೆಲ್ಲ ಎಲ್ಲಿ. ಅದಕ್ಕೆ ಜಿಟಿಜಿಟಿ ಮಳೇಲಿ ಇದು ಹೆದರಿಸೋ ನಂಬರ್ ತೋರಿಸಿದ್ರೆ ನಾನು ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಶುರು ಮಾಡಿರೋ, ಗಾಳಿ ಗುಣಮಟ್ಟ ಹೇಳೋ ‘ಸಫರ್’ ನೋಡ್ಕೊಂಡು ಸುಮ್ನಾಗ್ತೀನಿ.

ನಮ್ಮ ದೇಶದ ಮಿತಿ ಪಿಎಂ 2.5ಕ್ಕೆ (2.5 ಮೈಕ್ರಾನ್ ತನಕದ ಕಣಗಳು) 24 ಗಂಟೆಯ ಸರಾಸರಿ ಒಂದು ಘನ ಮೀಟರ್ ಗಾಳೀಲಿ 60 ಮೈಕ್ರೋಗ್ರಾಂ, ಡಬ್ಲ್ಯೂಎಚ್‌ಒ 2021ರಲ್ಲಿ ಹೇಳಿದ್ದು 15. ಮೀಟರ್ ಬಣ್ಣ ಯಾವ್ದರ ಪ್ರಕಾರ ಬದಲಾಗುತ್ತೆ ಅಂತ ಸೆಟ್ಟಿಂಗಲ್ಲಿ ನೋಡ್ಕೊಳ್ಳಿ, ಇಲ್ಲಾಂದ್ರೆ ಸುಮ್ನೆ ಹಸಿರು ನೋಡಿ ಖುಷಿಪಡ್ತೀರ.

ಐದಕ್ಕೆ ಮೂರು ಸ್ಟಾರ್. ವಾಕಿಂಗ್ ಬೆಳಿಗ್ಗೆನಾ ಸಂಜೆನಾ ಅಂತ ತೀರ್ಮಾನ ಮಾಡೋಕೆ ಸಾಕು, ಬಿಲ್ಡರ್ ಮೇಲೆ ಕಂಪ್ಲೇಂಟ್ ಕೊಡೋಕೆ ಇದ್ರ ಪಿಎಂ 10 ಹಿಡ್ಕೊಂಡು ಹೋಗ್ಬೇಡಿ.