ಮಾರಿಷಸ್ ದಕ್ಷಿಣ ಭಾಗದ ಕಾರ್ ಟೂರ್: ಹೋಗಬಹುದು, ಆದ್ರೆ ಮೊದಲೇ ಮಾತಾಡಿಕೊಳ್ಳಿ

ನಮ್ಮ ಯಜಮಾನರಿಗೆ ಬೀಚ್ ಒಂದಿದ್ದರೆ ಸಾಕು, ನನಗೆ ಸಾಲದು. ಅದಕ್ಕೇ ದಿನದ ಬಾಡಿಗೆಗೆ ಕಾರು, ಡ್ರೈವರ್ ಮಾಡಿಕೊಂಡೆವು. ಇಡೀ ದ್ವೀಪವೇ ಸುಮಾರು 1,865 ಚದರ ಕಿ.ಮೀ. ಎಲ್ಲಿಗೆ ಹೋದರೂ ಕಬ್ಬಿನ ಗದ್ದೆ, ಅದರ ಹಿಂದೆ ಬೆಟ್ಟ.

ಡ್ರೈವರ್ ಒಳ್ಳೆಯವರು. ನಮ್ಮ ಹತ್ತಿರ ಇಂಗ್ಲಿಷ್, ಫೋನಿನಲ್ಲಿ ಅಲ್ಲಿನ ಆಡುಮಾತು ಕ್ರಿಯೋಲ್. 1834ರಿಂದ ಭಾರತದ ಕೂಲಿಗಳನ್ನು ಇಲ್ಲಿನ ಕಬ್ಬಿನ ತೋಟಗಳಿಗೆ ಕರೆತಂದ ಕಥೆಯನ್ನು ಚೆನ್ನಾಗಿ ಹೇಳಿದರು. ಆ ಜನ ಬಂದಿಳಿದ ಆಪ್ರವಾಸಿ ಘಾಟ್ ಮಾತ್ರ ರಾಜಧಾನಿ ಪೋರ್ಟ್ ಲೂಯಿಯಲ್ಲಿದೆ, ಈ ಟೂರಿನಲ್ಲಿಲ್ಲ. ಬೇರೆ ದಿನ ಖಂಡಿತ ಹೋಗಿ.

ಗಂಗಾ ತಲಾವ್ ನನಗೆ ಜಾಸ್ತಿ ಹಿಡಿಸಿತು. ಜ್ವಾಲಾಮುಖಿಯ ಬಾಯಲ್ಲಿ ನಿಂತ ಕೆರೆ, ದಾರಿಯಲ್ಲಿ 33 ಮೀಟರ್ ಎತ್ತರದ ಶಿವ. ಮೇಲೆ ಚಳಿ, ಮಂಜು, ಸ್ವೆಟರ್ ಇರಲಿ. ಶಮಾರೆಲ್‌ನ ಏಳು ಬಣ್ಣದ ಮಣ್ಣು ಫೋಟೋದಲ್ಲಿ ಕಂಡಷ್ಟು ದೊಡ್ಡದಲ್ಲ. ಬೇಲಿಯಾಚೆ ನಿಂತು ನೋಡಬೇಕು, ಟಿಕೆಟ್ ಬೇರೆ. ಪಕ್ಕದ ಜಲಪಾತ ಮಾತ್ರ ಭರ್ಜರಿ.

ಊಟಕ್ಕೆ ದೊಡ್ಡ ರೆಸ್ಟೋರೆಂಟ್ ಬೇಡ ಅಂದು ರಸ್ತೆ ಬದಿಯಲ್ಲೇ ನಿಲ್ಲಿಸಿದೆವು. ದಾಲ್ ಪುರಿ! ಸಿಹಿ ಹಾಕದ ಹೋಳಿಗೆ ಅಂದುಕೊಳ್ಳಿ. ಒಳಗೆ ಪುಡಿ ಮಾಡಿದ ಬೇಳೆ, ಮೇಲೆ ಅವರೆಯಂಥ ಕಾಳಿನ ಸಾರು, ಟೊಮೆಟೊ ಗೊಜ್ಜು, ಮೆಣಸಿನಕಾಯಿ ಚಟ್ನಿ. ಎರಡನ್ನು ಜೋಡಿಸಿ, ಸುತ್ತಿ, ಪೇಪರಿನಲ್ಲಿ ಕೊಡುತ್ತಾರೆ. ಚಟ್ನಿ ಕಮ್ಮಿ ಹಾಕಿಸಿಕೊಳ್ಳಿ, ಕಣ್ಣಲ್ಲಿ ನೀರು ಬರುತ್ತೆ.

ಒಂದೇ ಬೇಜಾರು. ಕೇಳದಿದ್ದರೂ ಹಡಗಿನ ಮಾದರಿ ಮಾರುವ ಅಂಗಡಿಗೆ ಕರೆದೊಯ್ದರು, ಸುಮಾರು ಹೊತ್ತು ಅಲ್ಲೇ ಹೋಯಿತು. ಕಮಿಷನ್ ಇರುತ್ತೆ, ಅಲ್ವಾ? ಹತ್ತುವ ಮೊದಲೇ "ಅಂಗಡಿ ಬೇಡ" ಅನ್ನಿ. ಐದಕ್ಕೆ ನಾಲ್ಕು ಸ್ಟಾರ್.