ಉಪ್ಪರಿಗೆಗೆ ವೈಫೈ ಸಿಗುತ್ತಿಲ್ಲವೆಂದು ರಿಪೀಟರ್ ತರುವ ಮೊದಲು ಇದನ್ನು ಓದಿ

ಉಡುಪಿ ಕಡೆಯ ಒಂದು ಹಳೆಯ ಮುರಕಲ್ಲಿನ ಮನೆ. ರೂಟರ್ ಕೆಳಗೆ ಚಾವಡಿಯಲ್ಲಿ, ಆನ್‌ಲೈನ್ ಕೆಲಸ ಮಾಡುವವರು ಉಪ್ಪರಿಗೆಯ ಹಿಂದಿನ ಕೋಣೆಯಲ್ಲಿ. ಅಲ್ಲಿಗೆ ವೈಫೈ ಸಿಗುತ್ತಿಲ್ಲ ಎಂದದ್ದಕ್ಕೆ ಅಂಗಡಿಯಿಂದ ಬಂದದ್ದು ಪ್ಲಗ್‌ಗೆ ಸಿಕ್ಕಿಸುವ ರಿಪೀಟರ್, ಅಂದರೆ ರೂಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಪೆಟ್ಟಿಗೆ. ಒಂದು ಸಾಲದೆ ಎರಡಾಯಿತು, ಎರಡು ಸಾಲದೆ ಮೂರು. ದುಡ್ಡು ಹೋಯಿತು, ಮೀಟಿಂಗ್ ನಡುವೆ ಧ್ವನಿ ಕಡಿಯುವುದು ಮಾತ್ರ ನಿಲ್ಲಲಿಲ್ಲ.

ಇಲ್ಲಿ ದಾರಿ ತಪ್ಪಿಸುವುದು ಫೋನಿನ ಸಿಗ್ನಲ್ ಗುರುತು. ರಿಪೀಟರ್ ಪಕ್ಕ ನಿಂತರೆ ಅದು ಫುಲ್ ತೋರಿಸುತ್ತದೆ. ಆದರೆ ಅದು ಫೋನಿಗೂ ರಿಪೀಟರಿಗೂ ನಡುವಿನ ಸಿಗ್ನಲ್ ಅಷ್ಟೇ. ರಿಪೀಟರಿಗೆ ರೂಟರಿನಿಂದ ಎಷ್ಟು ಸಿಗುತ್ತಿದೆ ಎಂಬುದು ಅಲ್ಲಿ ಕಾಣುವುದೇ ಇಲ್ಲ. ಸಿಗ್ನಲ್ ಸತ್ತ ಕೋಣೆಯಲ್ಲೇ ಅದನ್ನು ಸಿಕ್ಕಿಸಿದರೆ ಅದಕ್ಕೇ ಸಿಗದ್ದು ನಿಮಗೆ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಕಡಿಮೆ ಬೆಲೆಯವುಗಳಲ್ಲಿ ರೇಡಿಯೊ ಒಂದೇ. ಒಂದೇ ಚಾನೆಲ್‌ನಲ್ಲಿ ರೂಟರಿನಿಂದ ಪಡೆದು, ಅದೇ ಚಾನೆಲ್‌ನಲ್ಲಿ ಮತ್ತೆ ಕಳಿಸಬೇಕು. ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಅದರ ಬೆನ್ನಿಗೆ ಇನ್ನೊಂದು ಹಾಕಿದರೆ ಅರ್ಧದಲ್ಲಿ ಅರ್ಧ.

ಮುರಕಲ್ಲಿನ ಗೋಡೆ ದಪ್ಪ, ಮಳೆಗಾಲದಲ್ಲಿ ನೀರು ಕುಡಿದು ನಿಂತಿರುತ್ತದೆ. ಅಂಥ ಎರಡು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಬಹುಪಾಲು ಸೋತಿರುತ್ತದೆ; 2.4 ಗಿಗಾಹರ್ಟ್ಸ್ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ರಿಪೀಟರೇ ಬೇಕೆಂದಿದ್ದರೆ ಫೋನಿಗೆ ವೈಫೈ ಅನಲೈಸರ್ ಆ್ಯಪ್ ಹಾಕಿ, ಸಿಗ್ನಲ್ ಮೈನಸ್ 65 ಡಿಬಿಎಂಗಿಂತ (ಇದು ಸಿಗ್ನಲ್ಲಿನ ಅಳತೆ; ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟು ಸಿಗ್ನಲ್ ದುರ್ಬಲ) ಕೆಳಗಿಳಿಯದ ಜಾಗ ಹುಡುಕಿ ಅಲ್ಲಿ ಇಡಿ. ಸಾಮಾನ್ಯವಾಗಿ ಅದು ಮೆಟ್ಟಿಲಿನ ನಡುವೆ ಎಲ್ಲೋ ಸಿಗುತ್ತದೆ. ಮೈನಸ್ 75 ದಾಟಿದ ಜಾಗ ಬೇಡವೇ ಬೇಡ.

ಕೊನೆಗೆ ಆ ಮನೆಯವರು ಮಾಡಿದ್ದೇ ಸರಿಯಾದ ಕೆಲಸ: ಉಪ್ಪರಿಗೆಗೆ ಒಂದು ಲ್ಯಾನ್ ಕೇಬಲ್ ಎಳೆದು, ಮೂಲೆಗೆ ಬಿದ್ದಿದ್ದ ಹಳೆಯ ರೂಟರನ್ನು ಆಕ್ಸೆಸ್ ಪಾಯಿಂಟ್ (ಕೇಬಲಿನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹರಡುವ ಸಾಧನ) ಮಾಡಿದ್ದು. ಆದರೆ ಸೆಟ್ಟಿಂಗ್ ಮುಟ್ಟದೆ ಸಿಕ್ಕಿಸಿದ್ದರಿಂದ ಇಡೀ ಮನೆಯ ನೆಟ್ ನಿಂತಿತು. ಎರಡೂ ರೂಟರಿನ ವಿಳಾಸ 192.168.1.1, ಎರಡರಲ್ಲೂ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ವ್ಯವಸ್ಥೆ) ಆನ್. ಯಾವ ಫೋನು ಯಾರ ಮಾತು ಕೇಳಬೇಕು? ಹಾಗಾಗಿ ಹಳೆಯ ರೂಟರನ್ನು ಮೊದಲು ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿ. ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ, ಸೇವ್ ಕೊಡಿ. ಕೆಳಗಿನಿಂದ ಬರುವ ಕೇಬಲ್ ಅದರ ಲ್ಯಾನ್ ಪೋರ್ಟಿಗೇ ಹೋಗಬೇಕು. ಹೊರಗಿನ ನೆಟ್ ಬರುವ ವ್ಯಾನ್ ಪೋರ್ಟ್ ಖಾಲಿ ಇರಲಿ. ವೈಫೈ ಹೆಸರು, ಪಾಸ್‌ವರ್ಡ್ ಕೆಳಗಿನದ್ದೇ ಇಡಿ. 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ ಚಾನೆಲ್ 1 ಇದ್ದರೆ ಮೇಲೆ 6 ಅಥವಾ 11.

ಕೇಬಲ್ ಕೊಳ್ಳುವಾಗ ಇನ್ನೊಂದು ಮೋಸ ಕಾದಿರುತ್ತದೆ. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಇರುತ್ತದೆ ಅಷ್ಟೆ. ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ: ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ನಾಲ್ಕು ಸಲ ಬಗ್ಗಿಸಿದರೆ ಮುರಿಯುವ ತಂತಿ ಅದು. ಪೂರ್ತಿ ತಾಮ್ರದ ಕ್ಯಾಟ್ 6 ಕೇಳಿ, ಎಂಟೂ ಎಳೆ ತುದಿಯ ಪಿನ್ನಿಗೆ ಕ್ರಿಂಪ್ ಆಗಿದೆಯೇ (ಒತ್ತಿ ಕೂರಿಸಿದೆಯೇ) ನೋಡಿ. ನಾಲ್ಕೇ ಎಳೆ ಜೋಡಿಸಿದರೂ ನೆಟ್ ಬರುತ್ತದೆ, ಆದರೆ 100 ಎಂಬಿಪಿಎಸ್ ದಾಟುವುದಿಲ್ಲ.

ಕೇಬಲನ್ನು ಮನೆಯ ಒಳಗಿನಿಂದಲೇ ಎಳೆಸಿ. ಅಂಗಳ ದಾಟಿಸಿ ಹೊರಗಿನ ಕೋಣೆಗೆ ತಾಮ್ರದ ತಂತಿ ಒಯ್ದರೆ, ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಸಾಕು, ಎರಡೂ ಕಡೆಯ ಪೋರ್ಟ್ ಸುಟ್ಟುಹೋಗಬಹುದು. ಅಲ್ಲಿಗೆ ಫೈಬರ್ ಹಾಕಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕಿನ ಸಿಗ್ನಲನ್ನು ಲ್ಯಾನ್ ಕೇಬಲಿಗೆ ಬದಲಿಸುವ ಪೆಟ್ಟಿಗೆ) ಇಡಿಸಿ; ಫೈಬರ್ ಜತೆ ಬರುವ ಉಕ್ಕಿನ ತಂತಿಯನ್ನು ಹೊರಗೇ ಕತ್ತರಿಸಿ ಬಿಡಬೇಕು. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಗುಡುಗು ಕೇಳಿಸುವ ಮೊದಲೇ, ಮೋಡ ಕವಿಯುವಾಗಲೇ ಪ್ಲಗ್ ಕೀಳಿ, ಲ್ಯಾನ್ ಕೇಬಲ್ ಕೂಡ ಕಳಚಿಡಿ. ಗುಡುಗು ಶುರುವಾದ ಮೇಲೆ ಮಾತ್ರ ಯಾವುದನ್ನೂ ಮುಟ್ಟಲು ಹೋಗಬೇಡಿ.