ಒಬ್ಬರೇ 12 ವಾರವೋ, ಜೊತೆಯಲ್ಲಿ 12 ಹೆಜ್ಜೆಯೋ?

ಬರೆಯುವುದು, ಚಿತ್ರ ಬಿಡಿಸುವುದು ನಿಂತುಹೋಗಿದೆಯೇ? ಮತ್ತೆ ಶುರು ಮಾಡಲು ಎರಡು ದಾರಿಗಳಿವೆ.

ಒಂದು, ಜೂಲಿಯಾ ಕ್ಯಾಮರನ್ ಅವರ 1992ರ ಪುಸ್ತಕ 'ದಿ ಆರ್ಟಿಸ್ಟ್ಸ್ ವೇ'. 12 ವಾರಗಳ ಪಾಠ. ದಿನಾ ಬೆಳಿಗ್ಗೆ ಮೂರು ಪುಟ ಕೈಯಲ್ಲೇ ಬರೆಯಬೇಕು. ವಾರಕ್ಕೊಮ್ಮೆ ಒಬ್ಬರೇ ಹೋಗಿ ಮನಸ್ಸಿಗೆ ಹಿಡಿಸಿದ್ದನ್ನು ನೋಡಿ ಬರಬೇಕು. ಶಿಸ್ತು ಇರುವವರಿಗೆ ಇಷ್ಟು ಸಾಕು.

ಇನ್ನೊಂದು, ಆರ್ಟ್ಸ್ ಅನಾನಿಮಸ್. ಕಲಾವಿದರು ಸಭೆ ಸೇರಿ ಒಬ್ಬರಿಗೊಬ್ಬರು ನೆರವಾಗುವ ಕೂಟ. 1935ರಲ್ಲಿ ಅಮೆರಿಕದಲ್ಲಿ ಕುಡಿತ ಬಿಡುವವರಿಗಾಗಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ 12 ಹೆಜ್ಜೆಗಳನ್ನು, ಅಂದರೆ ಒಂದೊಂದಾಗಿ ಪಾಲಿಸುವ 12 ಸೂತ್ರಗಳನ್ನು, ಇಲ್ಲಿ ಕಲಾವಿದರಿಗೆ ಹೊಂದಿಸಿಕೊಂಡಿದ್ದಾರೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಇದು ಕಲೆ ಕಲಿಸುವ ತರಗತಿಯಲ್ಲ. ಕೆಲಸಕ್ಕೆ ಕೂರಲು ಯಾಕೆ ಆಗುತ್ತಿಲ್ಲ ಅನ್ನುವುದೇ ಇಲ್ಲಿಯ ಮಾತು. ನನಗೆ ತುಂಬಾ ಹಿಡಿಸುವುದು ಸ್ಪಾನ್ಸರ್ ಪದ್ಧತಿ. ಅದೇ ದಾರಿಯಲ್ಲಿ ಮೊದಲೇ ನಡೆದವರೊಬ್ಬರು ನಿಮ್ಮ ಜೊತೆಗಿರುತ್ತಾರೆ. 'ಇವತ್ತು 5 ನಿಮಿಷ ಕೂತೆ' ಅಂತ ಹೇಳಿಕೊಳ್ಳಲು ಒಬ್ಬರಿದ್ದರೆ ಎಷ್ಟು ಬಲ, ಅಲ್ವಾ?

ಎರಡರಲ್ಲೂ ದೇವರ ಮಾತು ಬರುತ್ತದೆ. ಅದಕ್ಕೆ ಯಾವ ಅರ್ಥ ಕೊಡಬೇಕೆಂಬುದು ನಿಮಗೆ ಬಿಟ್ಟದ್ದು.

ಸುಮ್ನೆ ಅಭ್ಯಾಸ ತಪ್ಪಿದ್ದರೆ ಪುಸ್ತಕ ಹಿಡಿಯಿರಿ. ಭಯ, ನಾಚಿಕೆಯಿಂದ ವರ್ಷಗಟ್ಟಲೆ ನಿಂತಿದ್ದರೆ ಸಭೆಗೆ ಹೋಗಿ. ಒಂದೇ ಸಲಕ್ಕೆ ತೀರ್ಮಾನ ಮಾಡಬೇಡಿ, ನಾಲ್ಕೈದು ಸಭೆಗಳಲ್ಲಿ ಕೂತು ನೋಡಿ.